ಖಾಡಿಗಳನ್ನು ದಾಟುತ್ತ ಗೋವಾಕ್ಕೆ: ಕೊಂಕಣದ ಕರಾವಳಿಯಲ್ಲಿ ನಮ್ಮ ಕಾರು ಪ್ರಯಾಣ

ಮುಂಬಯಿಯಿಂದ ಸಮುದ್ರದ ಬದಿಯ ರಸ್ತೆಯಲ್ಲೇ ಗೋವಾ ತನಕ ಹೋಗಬೇಕು ಅಂತ ಆಸೆ ಇರುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ದಾರಿಯನ್ನು ಕಿಲೋಮೀಟರಿನಲ್ಲಿ ಲೆಕ್ಕ ಹಾಕಬೇಡಿ. ಎಷ್ಟು ಖಾಡಿ (ಅಂದರೆ ಅಳಿವೆ) ದಾಟಬೇಕು, ಅಲ್ಲಿ ಕಾರು ಹತ್ತಿಸುವ ದೋಣಿ ಯಾವಾಗ ಬರುತ್ತದೆ, ಕತ್ತಲಾಗುವ ಮೊದಲು ಯಾವ ಊರು ಸೇರಬಹುದು, ಇಷ್ಟನ್ನು ಲೆಕ್ಕ ಹಾಕಿ. ಹೆದ್ದಾರಿಯಲ್ಲಿ ಒಂದೇ ದಿನಕ್ಕೆ ಮುಗಿಯುವ ಗೋವಾ ದಾರಿ ಇಲ್ಲಿ ಒಂದು ವಾರ ಬೇಕಾದರೂ ತೆಗೆದುಕೊಳ್ಳುತ್ತದೆ. ತೆಗೆದುಕೊಳ್ಳಲಿ ಬಿಡಿ, ಅದಕ್ಕೇ ಅಲ್ವಾ ಹೋಗುವುದು.

ನಾವು ಇದೇ ಫೆಬ್ರವರಿಯಲ್ಲಿ ಹೋಗಿ ಬಂದೆವು. ನಾನು, ನಮ್ಮವರು, ಎಂಟನೇ ಕ್ಲಾಸಿನ ಮಗ, ಮತ್ತು ಕುಂದಾಪುರದಿಂದ ಬಂದು ಗೋರೆಗಾಂವಿನಲ್ಲಿ ನಮ್ಮ ಜೊತೆಗಿರುವ ಅತ್ತೆ. ಅತ್ತೆಗೆ ಎಪ್ಪತ್ತು ದಾಟಿದೆ, ಮೊಣಕಾಲು ನೋವು. ಹೊರಡುವ ಮೊದಲು ಮಾಹಿತಿ ಹುಡುಕಿ ಹುಡುಕಿ ತಲೆ ಕೆಟ್ಟುಹೋಗಿತ್ತು. ಒಬ್ಬರು ದೋಣಿ ಇದೆ ಅಂದರೆ ಇನ್ನೊಬ್ಬರು ನಿಂತುಹೋಗಿದೆ ಅನ್ನುತ್ತಿದ್ದರು. ಮುಂದೆ ಹೋಗುವವರಿಗೆ ಈ ಗೊಂದಲ ಬೇಡ ಅಂತ ಎಲ್ಲವನ್ನೂ ಕುಳಿತು ಬರೆಯುತ್ತಿದ್ದೇನೆ.

ನಮ್ಮಂಥ ಮುಂಬಯಿ ಕನ್ನಡಿಗರು ವರ್ಷಕ್ಕೊಮ್ಮೆಯಾದರೂ ಈ ಕರಾವಳಿಯ ಉದ್ದಕ್ಕೂ ಹೋಗುತ್ತೇವೆ. ಆದರೆ ನೋಡುವುದೇ ಇಲ್ಲ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಎಲ್ಲರೂ ರೈಲಿಗೇ ಬಿದ್ದೆವು. ಮತ್ಸ್ಯಗಂಧ ಮಧ್ಯಾಹ್ನ ಕುರ್ಲಾದಿಂದ ಹೊರಟರೆ ರತ್ನಾಗಿರಿ ಬರುವಾಗ ಕತ್ತಲು, ಕಣ್ಣು ಬಿಡುವಾಗ ನಮ್ಮ ಊರಿನ ಹತ್ತಿರ. ಹಳಿ ಕೂಡ ಸಮುದ್ರದಿಂದ ದೂರ, ಗುಡ್ಡ ಸುರಂಗಗಳ ನಡುವೆ ಹೋಗುತ್ತದೆ. ರಾಯಗಡ, ರತ್ನಾಗಿರಿ, ಸಿಂಧುದುರ್ಗ ಅನ್ನುವ ಮೂರು ಜಿಲ್ಲೆಗಳ ಕಡಲು ನಮಗೆ ಬರೀ ಸ್ಟೇಷನ್ ಬೋರ್ಡಿನ ಹೆಸರುಗಳು. ಒಂದು ಸಲವಾದರೂ ಹಗಲಿನಲ್ಲಿ, ನಿಧಾನಕ್ಕೆ ಇದನ್ನು ನೋಡಬೇಕು ಅನ್ನುವುದು ನನ್ನ ಬಹಳ ದಿನದ ಹಟ.

ಮೊದಲ ತಲೆನೋವು ಯಾವಾಗ ಹೋಗುವುದು ಅನ್ನುವುದು. ಮಳೆಗಾಲದಲ್ಲಿ ಕೊಂಕಣ ಹಸಿರಾಗಿ ಚೆಂದ, ನಿಜ. ಆದರೆ ಕೋಟೆಗಳಿಗೆ ಹೋಗುವ ದೋಣಿಗಳು ಬಂದ್, ಸಣ್ಣ ರಸ್ತೆಗಳಲ್ಲಿ ಗುಡ್ಡ ಜರಿಯುವ ಭಯ. ಏಪ್ರಿಲ್–ಮೇ ಅಂದರೆ ಹಾಪೂಸ್ ಮಾವಿನ ಕಾಲ, ಜೊತೆಗೆ ಸುಡುವ ಸೆಕೆ. ಡಿಸೆಂಬರ್ ಕೊನೆಯ ವಾರ ಮತ್ತು ಉದ್ದ ವಾರಾಂತ್ಯ ಬೇಡವೇ ಬೇಡ. ಮುಂಬಯಿ ಪುಣೆ ಎರಡೂ ಒಟ್ಟಿಗೆ ಅಲಿಬಾಗ್ ಕಡೆ ನುಗ್ಗುತ್ತವೆ. ನಾವು ಮಗನ ಯೂನಿಟ್ ಟೆಸ್ಟ್ ಮತ್ತು ವಾರ್ಷಿಕ ಪರೀಕ್ಷೆಯ ನಡುವಿನ ಸಂದು ನೋಡಿ, ಫೆಬ್ರವರಿಯ ಕೊನೆಯಲ್ಲಿ ಒಂದು ಸೋಮವಾರ ಹೊರಟೆವು. ವಾರದ ಮಧ್ಯೆ ಹೋದರೆ ಕೋಣೆ ಬಾಡಿಗೆಯೂ ಕಡಿಮೆ, ಜೆಟ್ಟಿಯಲ್ಲಿ ಸಾಲೂ ಕಡಿಮೆ. ಫೆಬ್ರವರಿ ಆರಿಸಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ವೇಳಾಸ್‌ನ ಕಡಲಾಮೆ ಮರಿಗಳು. ಅದನ್ನು ಮುಂದೆ ಹೇಳುತ್ತೇನೆ.

ಎರಡನೆಯದು ಕಾರಿನ ಕಾಗದಪತ್ರ. ಇದರಲ್ಲೇ ಜಾಸ್ತಿ ದಿನ ಹೋಯಿತು. ನಮ್ಮ ಕಾರು 2016ರದ್ದು. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ಗಾಡಿಗಳಿಗೆ ಮಹಾರಾಷ್ಟ್ರದಲ್ಲಿ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಕಡ್ಡಾಯ ಮಾಡಿದ್ದಾರೆ. ಊರು ಬಿಟ್ಟು ಇಷ್ಟು ದೂರ ಹೋಗುವಾಗ ದಾರಿಯಲ್ಲಿ ನಿಲ್ಲಿಸಿಕೊಂಡು ದಂಡ ಕಟ್ಟುವುದು ಯಾಕೆ ಅಂತ ಆನ್‌ಲೈನಿನಲ್ಲಿ ದಿನ ಗೊತ್ತು ಮಾಡಿದೆವು. ಕಾರಿಗೆ 745 ರೂಪಾಯಿ, ಮೇಲೆ ಜಿಎಸ್‌ಟಿ. ಕೊಟ್ಟ ದಿನ ಹೋದರೆ ಪ್ಲೇಟ್ ಬಂದಿಲ್ಲ, ಮುಂದಿನ ವಾರ ಬನ್ನಿ ಅಂದರು. ನಮ್ಮವರು ಅರ್ಧ ದಿನದ ರಜೆ ಹಾಕಿ ಬಿಸಿಲಲ್ಲಿ ಕಾದು ಬಂದಿದ್ದರು. ಪ್ರಯಾಣಕ್ಕೆ ಕೆಲವೇ ದಿನ ಇರುವಾಗ ಕೊನೆಗೂ ಕೂಡಿಸಿಕೊಟ್ಟರು. ನೀವು ಇದನ್ನು ಒಂದು ತಿಂಗಳು ಮೊದಲೇ ಮುಗಿಸಿಬಿಡಿ. ಸಾರಿಗೆ ಇಲಾಖೆಯ ವೆಬ್‌ಸೈಟಿನ ಮೂಲಕವೇ ಒಳಗೆ ಹೋಗಿ. ನೋಡಲು ಹಾಗೇ ಇರುವ ನಕಲಿ ತಾಣಗಳೂ ಇವೆ.

ಉಳಿದದ್ದು ಬೇಗ ಆಯಿತು. ಹೊಗೆ ತಪಾಸಣೆಯ ಪಿಯುಸಿ ಸರ್ಟಿಫಿಕೇಟಿನ ಅವಧಿ ಮುಗಿಯುತ್ತ ಬಂದಿತ್ತು, ಪೆಟ್ರೋಲ್ ಬಂಕಿನಲ್ಲೇ ಮಾಡಿಸಿದೆವು. ವಿಮೆ, ಆರ್‌ಸಿ, ಇಬ್ಬರ ಲೈಸೆನ್ಸ್ ಎಲ್ಲ ಡಿಜಿಲಾಕರ್‌ಗೆ ಹಾಕಿಕೊಂಡೆವು. ಅಲ್ಲಿರುವ ಪ್ರತಿಗೆ ಕಾನೂನಿನ ಮಾನ್ಯತೆ ಇದೆ. ಆದರೆ ಕೊಂಕಣದಲ್ಲಿ ನೆಟ್‌ವರ್ಕ್ ಇಲ್ಲದ ಜಾಗ ತುಂಬಾ. ಹಾಗಾಗಿ ಕಾಗದದ ಪ್ರತಿಯೂ ಡ್ಯಾಶ್‌ಬೋರ್ಡಿನಲ್ಲಿರಲಿ. ನಾಲ್ವರ ಆಧಾರ್ ಝೆರಾಕ್ಸ್ ಕೂಡ ಇಟ್ಟುಕೊಂಡಿದ್ದೆವು. ಉಳಿದ ಕಡೆಯೆಲ್ಲ ಅದನ್ನೇ ಕೇಳಿದರು.

ಆಮೇಲೆ ದಾರಿ. ಮ್ಯಾಪಿನಲ್ಲಿ ಸುಮ್ನೆ ಗೋವಾ ಅಂತ ಹಾಕಿದರೆ ಅದು ಒಳನಾಡಿನ ಎನ್‌ಎಚ್‌-66 ಹಿಡಿಸುತ್ತದೆ. ಸಮುದ್ರದ ಬದಿಯ ರಸ್ತೆ ಬೇಕಾದರೆ ಒಂದೊಂದೇ ಜೆಟ್ಟಿಯನ್ನು ಗುರಿಯಾಗಿ ಹಾಕಿಕೊಳ್ಳಬೇಕು. ರೇವಸ್‌ನಿಂದ ರೆಡ್ಡಿ ತನಕ ಸಾಗರಿ ಮಹಾಮಾರ್ಗ ಅಂತ ಹೆಸರಿದ್ದರೂ ಅದು ಒಂದೇ ನೇರ ರಸ್ತೆಯಲ್ಲ. ಸಹ್ಯಾದ್ರಿಯಿಂದ ಇಳಿದ ಪ್ರತಿ ನದಿಯೂ ಕಡಲು ಸೇರುವಲ್ಲಿ ಅಗಲವಾಗಿ ಹರಡಿಕೊಂಡಿದೆ. ನಾವು ಅಳಿವೆ ಅನ್ನುವುದನ್ನು ಇಲ್ಲಿಯವರು ಖಾಡಿ ಅನ್ನುತ್ತಾರೆ. ರೇವದಂಡಾದ ಹತ್ತಿರ ಕುಂಡಲಿಕಾ ನದಿಗೆ ಸೇತುವೆ ಇದೆ. ಆದರೆ ನಾಲ್ಕು ಕಡೆ ದೋಣಿಯೇ ಗತಿ. ಆಗರದಾಂಡಾದಿಂದ ದಿಘಿ. ಸಾವಿತ್ರಿ ನದಿಯ ಬಾಗಮಾಂಡಲಾದಿಂದ ವೇಶ್ವಿ. ವಾಶಿಷ್ಠಿಯ ದಾಭೋಳದಿಂದ ಧೋಪಾವೆ. ಶಾಸ್ತ್ರಿ ನದಿಯ ತವಸಾಳದಿಂದ ಜಯಗಡ. ಈ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಹೊಸ ಕರಾವಳಿ ಹೆದ್ದಾರಿ ಯೋಜನೆಯಲ್ಲಿ ಇಲ್ಲೆಲ್ಲ ಸೇತುವೆ ಕಟ್ಟುವುದಿದೆ. ಅಲ್ಲಿಯವರೆಗೆ ಜಂಗಲ್ ಜೆಟ್ಟಿ ಅಂತ ಕರೆಯುವ ಈ ಚಪ್ಪಟೆ ದೋಣಿಗಳೇ ಆಧಾರ. ಸಿಗಂದೂರಿಗೆ ಸೇತುವೆ ಆಗುವ ಮೊದಲು ಲಾಂಚಿನಲ್ಲಿ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೋಣಿಯ ವೇಳೆಗೆ ಯಾವ ಪಟ್ಟಿಯನ್ನೂ ಪೂರ್ತಿ ನಂಬಬೇಡಿ. ಸಾಮಾನ್ಯವಾಗಿ ಬೆಳಗ್ಗೆಯಿಂದ ರಾತ್ರಿಯ ತನಕ ಮುಕ್ಕಾಲು ಗಂಟೆಗೋ ಒಂದು ಗಂಟೆಗೋ ಒಂದರಂತೆ ಓಡುತ್ತವೆ. ಆದರೆ ದುರಸ್ತಿ, ಇಳಿತ, ಜಾತ್ರೆ ಹೀಗೆ ಏನಾದರೊಂದು ಕಾರಣಕ್ಕೆ ಬದಲಾಗುತ್ತದೆ. ನಾವು ಹಿಂದಿನ ರಾತ್ರಿ ಉಳಿದ ಮನೆಯವರ ಹತ್ತಿರವೇ ಕೇಳುತ್ತಿದ್ದೆವು. ಅವರು ಜೆಟ್ಟಿಯ ಟಿಕೆಟ್ ಹುಡುಗನಿಗೆ ಫೋನ್ ಮಾಡಿ ಹೇಳುತ್ತಿದ್ದರು. ಅದಕ್ಕಿಂತ ಖಚಿತವಾದ ಮಾಹಿತಿ ಎಲ್ಲೂ ಸಿಗಲಿಲ್ಲ.

ಮುಂಬಯಿಯಿಂದ ಹೊರಬೀಳಲು ಎರಡು ದಾರಿ. ಒಂದು, 2024ರ ಜನವರಿಯಲ್ಲಿ ಶುರುವಾದ ಅಟಲ್ ಸೇತು ಹತ್ತಿ ಪೇಣ್, ವಡಖಳ್ ಮೇಲೆ ಅಲಿಬಾಗ್. ಇನ್ನೊಂದು, ಮಝಗಾಂವಿನ ಭಾವುಚಾ ಧಕ್ಕಾದಿಂದ ಮಾಂಡವಾಕ್ಕೆ ಕಾರು ಸಮೇತ ಹೋಗುವ ರೋ-ರೋ ಹಡಗು. ಅತ್ತೆಗೆ ಕಾರಿನಲ್ಲಿ ತುಂಬಾ ಹೊತ್ತು ಕಾಲು ಮಡಚಿ ಕೂರಲು ಆಗುವುದಿಲ್ಲ. ಅದಕ್ಕೇ ಹಡಗು ಆರಿಸಿದೆವು. ಸುಮಾರು ಒಂದು ಗಂಟೆಯ ಪ್ರಯಾಣ. ಕಾರಿಗೇ ಸಾವಿರ ರೂಪಾಯಿಯ ಲೆಕ್ಕ, ಜನರಿಗೆ ಬೇರೆ ಟಿಕೆಟ್. ದುಬಾರಿ ಹೌದು. ಆದರೆ ಶೌಚಾಲಯ ಇದೆ, ಮೇಲೆ ಹೋಗಿ ಗಾಳಿಗೆ ನಿಲ್ಲಬಹುದು, ಕಟ್ಟಿ ತಂದ ಇಡ್ಲಿ ತಿನ್ನಬಹುದು, ವಡಖಳ್ ಟ್ರಾಫಿಕ್ ತಪ್ಪುತ್ತದೆ. ಮುಂಗಡ ಬುಕ್ ಮಾಡುವಾಗ ಗಾಡಿ ನಂಬರ್ ಕೊಡಬೇಕು, ಮುಕ್ಕಾಲು ಗಂಟೆಯಾದರೂ ಮೊದಲೇ ಧಕ್ಕಾದಲ್ಲಿರಬೇಕು. ಬೆಳಗಿನ ಹೊತ್ತಿನದು ಬೇಗ ತುಂಬಿಹೋಗುತ್ತದೆ.

ಮಾಂಡವಾದಿಂದ ಅಲಿಬಾಗ್, ರೇವದಂಡಾ, ಕಾಶೀದ್ ಎಲ್ಲ ಮುಂಬಯಿಯವರಿಗೆ ಗೊತ್ತಿರುವ ಜಾಗಗಳು, ಅಲ್ಲಿ ಹೆಚ್ಚು ನಿಲ್ಲಲಿಲ್ಲ. ಕಾಶೀದ್‌ನ ಬಿಳಿ ಮರಳು ನೋಡಿ ಮಗ ನೀರಿಗಿಳಿಯಲು ಹೊರಟ. ಬೇಡ ಅಂದೆ. ಅಲ್ಲಿ ಅಲೆಯ ಸೆಳೆತ ಜಾಸ್ತಿ, ಜೀವ ಹೋದ ಉದಾಹರಣೆಗಳಿವೆ. ಜಂಜಿರಾ ಕೋಟೆಯನ್ನು ರಾಜಪುರಿಯ ದಡದಿಂದಲೇ ನೋಡಿದೆವು. ಸಿದ್ದಿಗಳ ಈ ಕೋಟೆಯನ್ನು ಮರಾಠರಿಗೆ ಎಂದೂ ಗೆಲ್ಲಲಾಗಲಿಲ್ಲ. ಹಾಯಿದೋಣಿಯಿಂದ ಕೋಟೆಯ ಮೆಟ್ಟಿಲಿಗೆ ಹಾರಿ ಹತ್ತುವುದು ಅತ್ತೆಯಿಂದ ಆಗದ ಕೆಲಸ. ವಯಸ್ಸಾದವರು ಜೊತೆಗಿದ್ದರೆ ಹೀಗೆ ಕೆಲವನ್ನು ಬಿಡಬೇಕಾಗುತ್ತದೆ ಅಂತ ಹೊರಡುವ ಮೊದಲೇ ಮಗನಿಗೆ ಹೇಳಿದ್ದೆ. ಅವನು ಗೊಣಗಲಿಲ್ಲ.

ಆಗರದಾಂಡಾ ಜೆಟ್ಟಿಯಲ್ಲಿ ಮೊದಲ ಕಾಯುವಿಕೆ. ಒಂದು ದೋಣಿ ನಮ್ಮ ಕಣ್ಣೆದುರೇ ಹೊರಟುಹೋಯಿತು. ಮುಂದಿನದು ಬರಲು ಒಂದು ಗಂಟೆಯ ಮೇಲಾಯಿತು. ನೆರಳು ಅಂತ ಇದ್ದದ್ದು ಟಿಕೆಟ್ ಕೊಡುವ ಗೂಡಿನ ಪಕ್ಕದ ಒಂದು ಅಂಗಡಿ. ಅಲ್ಲಿ ಕೋಕಂ ಶರಬತ್ತು ಕುಡಿದು ಕುಳಿತೆವು. ನಮ್ಮವರಿಗೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ ಅಂತ ಚಡಪಡಿಕೆ. ಅತ್ತೆ ಮಾತ್ರ ಆರಾಮಾಗಿದ್ದರು. ಅವರು ಚಿಕ್ಕವರಿದ್ದಾಗ ಊರಿನಲ್ಲಿ ಹೊಳೆಗಳಿಗೆ ಸೇತುವೆ ಇರಲಿಲ್ಲವಂತೆ. ದೋಣಿ ಬಂದಾಗಲೇ ಹೊತ್ತು ಅಂತ ಇದ್ದವರು. ಖಾಡಿಯ ಆಚೆ ತೆಂಗಿನ ಸಾಲು ನೋಡುತ್ತ, "ಇದ್ ನಮ್ಮೂರ್ ಕಂಡಾಂಗೇ ಆತ್ತಲೆ" ಅಂದರು. ಅಷ್ಟು ಕೇಳಿದ ಮೇಲೆ ನಮ್ಮವರೂ ಗಡಿಯಾರ ನೋಡುವುದು ಬಿಟ್ಟರು.

ಕಾರು ಹತ್ತಿಸುವ ಬಗ್ಗೆ ಹೇಳಲೇಬೇಕು. ಕೆಲವು ದೋಣಿಗಳಿಗೆ ಒಂದೇ ಕಡೆ ಬಾಗಿಲು. ಹಾಗಾಗಿ ಕಾರನ್ನು ರಿವರ್ಸ್‌ನಲ್ಲಿ ಒಳಗೆ ತರಿಸುತ್ತಾರೆ. ಬಾಗಮಾಂಡಲಾದಲ್ಲಿ ಸ್ಟೇರಿಂಗ್ ಹಿಡಿದಿದ್ದವಳು ನಾನು. ಇಳಿಜಾರು, ಕೆಳಗೆ ಒದ್ದೆಯಾದ ಕಬ್ಬಿಣದ ಹಲಗೆ, ಬದಿಗೆ ನೀರು. ದೋಣಿಯ ಹುಡುಗ "ಮಾಗೆ ಘ್ಯಾ, ಮಾಗೆ" ಅಂತ ಕೈ ಬೀಸುತ್ತಿದ್ದ. ಎದೆ ಹೊಡೆದುಕೊಳ್ಳುತ್ತಿತ್ತು. ಅವರು ದಿನವಿಡೀ ಇದನ್ನೇ ಮಾಡುವವರು. ಕನ್ನಡಿ ನೋಡುವುದಕ್ಕಿಂತ ಅವರ ಕೈ ನೋಡಿ. ಕಾರು ಹತ್ತಿಸುವ ಮೊದಲು ಉಳಿದವರನ್ನು ಇಳಿಸಿಬಿಡಿ, ಭಾರ ಕಡಿಮೆಯಾಗುತ್ತದೆ. ನೀರಿನ ಇಳಿತವಿದ್ದಾಗ ಹಲಗೆ ಇನ್ನೂ ಕಡಿದಾಗುತ್ತದೆ, ತಗ್ಗಾದ ಕಾರುಗಳಿಗೆ ತಳ ಒರೆಸುತ್ತದೆ. ಈ ಸಣ್ಣ ದೋಣಿಗಳಿಗೆ ಕಾರಿಗೂ ನಾಲ್ವರಿಗೂ ಸೇರಿ ಕೆಲವೇ ನೂರು ರೂಪಾಯಿ ಆಗುತ್ತದೆ. ಚಿಲ್ಲರೆ ನಗದು ಇಟ್ಟುಕೊಳ್ಳಿ.

ಹೇಳುವ ಭರದಲ್ಲಿ ಶ್ರೀವರ್ಧನ ದಾಟಿಬಿಟ್ಟೆ. ದಿಘಿಯಲ್ಲಿ ಇಳಿದ ಮೇಲೆ ದಿವೇಆಗರ. ಅಲ್ಲಿ 1997ರಲ್ಲಿ ನೆಲ ಅಗೆಯುವಾಗ ಬಂಗಾರದ ಗಣಪತಿ ಸಿಕ್ಕಿತ್ತು. 2012ರಲ್ಲಿ ಕಳ್ಳತನವಾಗಿ, 2021ರಲ್ಲಿ ಮತ್ತೆ ಪ್ರತಿಷ್ಠೆಯಾಯಿತು. ಅತ್ತೆ ದೇವರಿಗೆ ಕೈಮುಗಿದು ಬರುವ ತನಕ ಮಗ ಅಡಿಕೆ ತೋಟದ ನಡುವೆ ಓಡಾಡಿದ. ದಿವೇಆಗರದಿಂದ ಶೇಖಾಡಿಯ ಮೇಲೆ ಶ್ರೀವರ್ಧನಕ್ಕೆ ಹೋಗುವ ತುಂಡು ರಸ್ತೆ ಇದೆಯಲ್ಲ, ಇಡೀ ಪ್ರಯಾಣದಲ್ಲಿ ನನ್ನ ಮನಸ್ಸಿಗೆ ತುಂಬಾ ಹತ್ತಿರವಾದದ್ದು ಅದು. ಎಡಕ್ಕೆ ಒಣ ಹುಲ್ಲಿನ ಗುಡ್ಡ, ಬಲಕ್ಕೆ ಕೈಗೆಟುಕುವಷ್ಟು ಹತ್ತಿರ ಕಪ್ಪು ಬಂಡೆ, ಅದರಾಚೆ ಬರೀ ನೀರು. ಒಂದು ತಿರುವಿನಲ್ಲಿ ಏರಿದರೆ ಮುಂದಿನ ಕೊಲ್ಲಿ ಪೂರ್ತಿ ಕಾಣುತ್ತದೆ. ಮತ್ತೆ ಇಳಿದರೆ ಬಲೆ ಒಣಹಾಕಿದ ಸಣ್ಣ ಊರು. ಸಂಜೆ ನಾಲ್ಕೂವರೆಯ ಮೇಲೆ ಹೋಗಿ. ಬೈಕಿನವರು ಬಿಟ್ಟರೆ ಎದುರಿಗೆ ಗಾಡಿಗಳೇ ಇರಲಿಲ್ಲ. ನಾವು ಕಾರು ನಿಲ್ಲಿಸಿ, ಇಳಿದು, ಮತ್ತೆ ಹತ್ತಿ, ಮತ್ತೆ ನಿಲ್ಲಿಸಿ, ಹೀಗೇ ಹೋದೆವು. ಇಷ್ಟು ವರ್ಷ ರೈಲಿನಲ್ಲಿ ಮಲಗಿಕೊಂಡು ಇದನ್ನೆಲ್ಲ ದಾಟಿಹೋಗಿದ್ದೆವಲ್ಲ ಅಂತ ಹೊಟ್ಟೆಯಲ್ಲಿ ಸಂಕಟವಾಯಿತು.

ರಾತ್ರಿ ಶ್ರೀವರ್ಧನದಲ್ಲಿ ಉಳಿದು ಬೆಳಗ್ಗೆ ಹರಿಹರೇಶ್ವರ. ದೇವಸ್ಥಾನದ ಹಿಂದೆ ಬಂಡೆಗಳ ಮೇಲೆ ಪ್ರದಕ್ಷಿಣೆ ಹಾಕುವ ದಾರಿ ಇದೆ. ಭರತದ ಹೊತ್ತಿನಲ್ಲಿ ಅಲ್ಲಿಗೆ ಇಳಿಯಲೇಬಾರದು. ಫಲಕ ಹಾಕಿದ್ದಾರೆ, ಆದರೂ ಜನ ಇಳಿಯುತ್ತಾರೆ. ಭರತ ಇಳಿತದ ವೇಳೆಯನ್ನು ದಿನವೂ ನೋಡಿಕೊಳ್ಳುವ ಅಭ್ಯಾಸ ಈ ದಾರಿಯಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಇನ್ನೊಂದು, ಮರಳಿನ ಮೇಲೆ ಕಾರು ಇಳಿಸಬೇಡಿ. ಹೂತುಹೋದ ಕಾರನ್ನು ಟ್ರ್ಯಾಕ್ಟರ್ ಕಟ್ಟಿ ಎಳೆಯುವುದನ್ನು ಶ್ರೀವರ್ಧನದಲ್ಲೇ ಕಂಡೆವು.

ಸಾವಿತ್ರಿ ದಾಟಿ ವೇಶ್ವಿಗೆ ಬಂದರೆ ರತ್ನಾಗಿರಿ ಜಿಲ್ಲೆ. ದೋಣಿ ಇಲ್ಲದಿದ್ದರೆ ಆಂಬೇತ್, ಮ್ಹಾಪ್ರಳ ಸುತ್ತಿ ಬರಬೇಕು, ಅರ್ಧ ದಿನ ಅಲ್ಲೇ ಹೋಗುತ್ತದೆ. ಅಲ್ಲಿಂದ ಬಾಣಕೋಟ, ಆಮೇಲೆ ವೇಳಾಸ್. ಅಡಿಕೆ ತೆಂಗಿನ ತೋಟಗಳ ನಡುವೆ ಕೆಂಪು ಕಲ್ಲಿನ ಮನೆಗಳಿರುವ ಪುಟ್ಟ ಊರು. ಇಲ್ಲಿ ಹೋಟೆಲ್ ಇಲ್ಲ, ಊರವರ ಮನೆಯಲ್ಲೇ ಉಳಿಯಬೇಕು. ತಲೆಗಿಷ್ಟು ಅಂತ ಊಟ ಸೇರಿಸಿ ಲೆಕ್ಕ. ಚಿಪಳೂಣದ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆ 2002ರಲ್ಲಿ ಇಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳ ಗೂಡು ಕಾಯುವ ಕೆಲಸ ಶುರುಮಾಡಿತು. ಮೊದಲು ಮೊಟ್ಟೆಗಳನ್ನು ತೆಗೆದು ತಿನ್ನುವ, ಮಾರುವ ರೂಢಿ ಇತ್ತಂತೆ. ಈಗ ಊರವರೇ ಕಾವಲು. ರಾತ್ರಿ ಆಮೆ ಬಂದು ಇಟ್ಟುಹೋದ ಮೊಟ್ಟೆಗಳನ್ನು ಬೇಲಿಯೊಳಗೆ ತಂದು ಅಷ್ಟೇ ಆಳದ ಗುಂಡಿಯಲ್ಲಿ ಹೂಳುತ್ತಾರೆ. ಮರಿಯಾಗಲು ಒಂದೂವರೆಯಿಂದ ಎರಡು ತಿಂಗಳು ಬೇಕು. ಫೆಬ್ರವರಿಯಿಂದ ಏಪ್ರಿಲ್ ತನಕ ಬೆಳಗ್ಗೆ ಮತ್ತು ಸಂಜೆ ಗುಂಡಿಯ ಮೇಲೆ ಮುಚ್ಚಿಟ್ಟ ಬುಟ್ಟಿ ಎತ್ತಿ ನೋಡುತ್ತಾರೆ. ಮರಿ ಬಂದಿದ್ದರೆ ಸಮುದ್ರಕ್ಕೆ ಬಿಡುತ್ತಾರೆ, ಇಲ್ಲವಾದರೆ ಇಲ್ಲ.

ಊರಿನಿಂದ ಕಡಲಿಗೆ ಸ್ವಲ್ಪ ನಡೆಯಬೇಕು. ಅತ್ತೆ ಮೆಲ್ಲಗೆ ನನ್ನ ತೋಳು ಹಿಡಿದು ಬಂದರು. ಆ ಸಂಜೆ ಒಂದೂ ಮರಿ ಬರಲಿಲ್ಲ. ಪುಣೆಯಿಂದ ಬಂದ ಒಂದು ಗುಂಪು ಬೇಜಾರಾಗಿ ರಾತ್ರಿಯೇ ಹೊರಟುಹೋಯಿತು. ನಾವು ಉಳಿದೆವು. ಬೆಳಗ್ಗೆ ಚಳಿಗೆ ಶಾಲು ಹೊದ್ದು ಮತ್ತೆ ಹೋದೆವು. ಬುಟ್ಟಿ ಎತ್ತಿದಾಗ ಮರಳಿನ ಬಣ್ಣವೇ ಅಲುಗಾಡಿದಂತೆ ಕಂಡಿತು. ಬೆರಳಿನಷ್ಟು ಉದ್ದದ ಕಪ್ಪು ಮರಿಗಳು! ನೀರಿನಿಂದ ಸ್ವಲ್ಪ ದೂರದಲ್ಲಿ ಮರಳಿನ ಮೇಲೆ ಬಿಟ್ಟರು. ಹಗ್ಗದ ಈಚೆ ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದೆವು. ಕೆಲವು ನೇರವಾಗಿ ಹೋದವು, ಕೆಲವು ತಿರುಗಿ ತಿರುಗಿ ಹೋದವು. ಒಂದು ಮರಿಯನ್ನು ಅಲೆ ಮತ್ತೆ ಮತ್ತೆ ದಡಕ್ಕೆ ತಂದು ಹಾಕುತ್ತಿತ್ತು. ಮಗ ಬಾಯಿ ಬಿಡದೆ ಅದನ್ನೇ ನೋಡುತ್ತಿದ್ದ. ಅದು ಕೊನೆಗೆ ನೀರಿನೊಳಗೆ ಹೋದಾಗ ಅತ್ತೆ ಕಣ್ಣೊರೆಸಿಕೊಂಡರು. ಇಲ್ಲಿಗೆ ಹೋಗುವವರು ಒಂದು ರಾತ್ರಿ ಉಳಿಯುವಂತೆಯೇ ಹೋಗಿ. ಫ್ಲ್ಯಾಶ್ ಹಾಕಿ ಫೋಟೊ ತೆಗೆಯಬೇಡಿ, ಹಗ್ಗ ದಾಟಬೇಡಿ. ಮರಳಿನಲ್ಲಿ ಇನ್ನೂ ಮೇಲೆ ಬರದ ಮರಿಗಳಿರಬಹುದು.

ವೇಳಾಸ್ ಬಿಟ್ಟ ಮೇಲೆ ಆಡೆ, ಪಾಡಲೆಯ ಕಡಲ ರಸ್ತೆ, ಆಂಜರ್ಲೆಯ ಗುಡ್ಡದ ಮೇಲಿನ ಗಣಪತಿ. ಸಂಜೆ ಹರ್ಣೆಯಲ್ಲಿ ಮೀನು ಹರಾಜು. ಎದುರಿಗೆ ನೀರಿನಲ್ಲಿ ಸುವರ್ಣದುರ್ಗ. ಎಲ್ಲ ಚೆನ್ನಾಗೇ ನಡೆದಿತ್ತು. ಆ ರಾತ್ರಿ ಮಾತ್ರ ಪೆಟ್ಟು ಬಿತ್ತು.

ದಾಪೋಳಿ ಕಡೆಯ ಒಂದು ಊರಿನಲ್ಲಿ ಮನೆ ಗೊತ್ತು ಮಾಡಿದ್ದೆವು. ಅರ್ಧ ಹಣ ಮುಂಗಡ ಕಳಿಸಿದ್ದೆವು. ಕತ್ತಲಾಗುವಾಗ ಅಲ್ಲಿ ಹೋದರೆ ಅಂಗಳದ ತುಂಬ ಕಾರುಗಳು. ದೊಡ್ಡ ಗುಂಪೊಂದು ಇಡೀ ಮನೆ ತೆಗೆದುಕೊಂಡಿದೆ, ನಿಮ್ಮ ಹಣ ನಾಳೆ ಹಾಕುತ್ತೇನೆ ಅಂದ ಮಾಲಿಕ. ಒಂದು ಫೋನು ಮಾಡಿ ಹೇಳಬಾರದಾ? ಕೇಳಿದರೆ ನೆಟ್‌ವರ್ಕ್ ಇರಲಿಲ್ಲ ಅಂದ. ಸಿಟ್ಟು, ಅಳು ಎರಡೂ ಒಟ್ಟಿಗೆ ಬಂತು. ಹಿಂದಿನ ಸೀಟಿನಲ್ಲಿ ಅತ್ತೆಗೆ ಕಾಲು ಬಾತುಕೊಂಡಿತ್ತು. ಮೂಲೆಯ ಚಹಾದ ಅಂಗಡಿಯ ಮಾವಶಿ ನಮ್ಮ ಪರದಾಟ ನೋಡಿ, ಏನಾಯಿತು ಅಂತ ಕೇಳಿ, ತನ್ನ ನಾದಿನಿಯ ಮನೆಗೆ ಕಳಿಸಿದಳು. ಅವರದು ಬಾಡಿಗೆಗೆ ಕೊಡುವ ಮನೆಯೇ ಅಲ್ಲ. ಮಕ್ಕಳು ಮುಂಬಯಿಯಲ್ಲಿದ್ದಾರೆ, ಕೋಣೆ ಖಾಲಿ ಇದೆ, ಇರಿ ಅಂದರು. ಬಿಸಿ ಅಕ್ಕಿರೊಟ್ಟಿ, ಹುರುಳಿಯ ಸಾರು, ಸೋಲ್ ಕಢಿ ಬಡಿಸಿದರು. ಬೆಳಗ್ಗೆ ಹಣ ಕೊಟ್ಟರೆ ತೆಗೆದುಕೊಳ್ಳಲು ಒಪ್ಪಲೇ ಇಲ್ಲ. ಅತ್ತೆ ಬಲವಂತ ಮಾಡಿ ಅವರ ಕೈಯಲ್ಲಿಟ್ಟು ಬಂದರು. ಆ ಮಾಲಿಕನ ಹತ್ತಿರ ಮುಂಗಡ ವಾಪಸ್ ಬರಲು ಮನೆ ಸೇರಿದ ಮೇಲೂ ಫೋನ್ ಮಾಡಬೇಕಾಯಿತು.

ಅದಕ್ಕೇ ಹೇಳುತ್ತೇನೆ. ಹೊರಡುವ ದಿನ ಬೆಳಗ್ಗೆಯೂ ಒಮ್ಮೆ, ಮಧ್ಯಾಹ್ನವೂ ಒಮ್ಮೆ ಫೋನ್ ಮಾಡಿ ಬರುತ್ತಿದ್ದೇವೆ ಅಂತ ತಿಳಿಸಿ. ಹಣ ಕಳಿಸಿದ ದಾಖಲೆ ಫೋನಿನಲ್ಲಿ ಉಳಿಸಿಕೊಳ್ಳಿ. ನೆಲಮಹಡಿಯಾ, ಕಮೋಡ್ ಇದೆಯಾ, ಬಿಸಿನೀರು ಎಷ್ಟು ಹೊತ್ತಿಗೆ, ಕಾರು ನಿಲ್ಲಿಸಲು ಜಾಗ ಇದೆಯಾ, ಎಲ್ಲ ಮೊದಲೇ ಕೇಳಿ. ರಾತ್ರಿಯ ಊಟ ಬೇಕಾದರೆ ಮಧ್ಯಾಹ್ನವೇ ಹೇಳಬೇಕು. ಕೊಂಕಣದ ಸಣ್ಣ ಊರುಗಳಲ್ಲಿ ಕೇಳದೆ ಅಡುಗೆ ಮಾಡಿಡುವುದಿಲ್ಲ, ಒಂಬತ್ತರ ಮೇಲೆ ಹೊರಗೂ ಏನೂ ಸಿಗುವುದಿಲ್ಲ.

ನಗದಿನ ಕಷ್ಟ ಆದದ್ದೂ ಆ ಕಡೆಯೇ. ಯುಪಿಐ ಇದೆ ಅಂತ ಬೋರ್ಡ್ ಇರುತ್ತದೆ, ಸಿಗ್ನಲ್ ಇರುವುದಿಲ್ಲ. ಒಂದು ಊರಿನ ಎಟಿಎಂನಲ್ಲಿ ಹಣ ಇರಲಿಲ್ಲ. ಅಲಿಬಾಗ್, ದಾಪೋಳಿ, ರತ್ನಾಗಿರಿ, ಮಾಲವಣದಂಥ ದೊಡ್ಡ ಊರುಗಳಲ್ಲೇ ನಗದು ತೆಗೆದುಕೊಳ್ಳಿ, ಪೆಟ್ರೋಲೂ ಅಲ್ಲೇ ತುಂಬಿಸಿ. ಟ್ಯಾಂಕ್ ಅರ್ಧಕ್ಕೆ ಬಂದಾಗ ಬಂಕ್ ಕಂಡರೆ ಬಿಡಬೇಡಿ. ಸಿಎನ್‌ಜಿ ಕಾರಿದ್ದರೂ ಪೆಟ್ರೋಲ್ ಟ್ಯಾಂಕ್ ತುಂಬಿಕೊಂಡೇ ಹೊರಡಿ.

ದಾಭೋಳದಲ್ಲಿ ದೋಣಿಗೆ ಕಾಯುವುದು ಹೊರೆಯೆನಿಸಲಿಲ್ಲ. ಜೆಟ್ಟಿಯ ಹತ್ತಿರವೇ ಆದಿಲಶಾಹಿ ಕಾಲದ ಕಲ್ಲಿನ ಮಸೀದಿ ಇದೆ. ನಮ್ಮ ವಿಜಯಪುರದ ಅರಸರಿಗೆ ಇದು ಕಡಲ ಬಾಗಿಲು. ಇಲ್ಲಿಂದಲೇ ಹಡಗುಗಳು ಅರಬ್ಬರ ನಾಡಿಗೆ ಹೋಗುತ್ತಿದ್ದವು. ಮಗನಿಗೆ ಗೋಲಗುಮ್ಮಟ ನೋಡಿದ ನೆನಪಿತ್ತು, ಅದೇ ರಾಜ್ಯ ಇಲ್ಲಿಯ ತನಕ ಇತ್ತಾ ಅಂತ ಆಶ್ಚರ್ಯಪಟ್ಟ. ಖಾಡಿ ದಾಟಲು ಹಿಡಿದದ್ದು ಹತ್ತು ಹದಿನೈದು ನಿಮಿಷ. ದೋಣಿ ಇಲ್ಲದಿದ್ದರೆ ದಾಪೋಳಿಯಿಂದ ಖೇಡ್, ಚಿಪಳೂಣ ಸುತ್ತಿ ಗುಹಾಗರಕ್ಕೆ ನೂರು ಕಿಲೋಮೀಟರಿನ ಆಸುಪಾಸು.

ಗುಹಾಗರದಲ್ಲಿ ವ್ಯಾಡೇಶ್ವರ, ಹೇದವಿಯಲ್ಲಿ ದಶಭುಜ ಗಣಪತಿ. ತವಸಾಳದಲ್ಲಿ ಮತ್ತೆ ದೋಣಿ ಹತ್ತಿ ಜಯಗಡ. ರಾತ್ರಿ ಗಣಪತಿಪುಳೆಯಲ್ಲಿ ಮೋದಕದ ಊಟ. ಮರುದಿನ ಆರೆ–ವಾರೆಯ ರಸ್ತೆಯಲ್ಲಿ ರತ್ನಾಗಿರಿ. ಬರ್ಮಾದ ಕೊನೆಯ ದೊರೆ ಥೀಬಾನನ್ನು ಇಂಗ್ಲಿಷರು ಗಡೀಪಾರು ಮಾಡಿ ಇಟ್ಟದ್ದು ಈ ಊರಿನಲ್ಲಿ. 1910ರಲ್ಲಿ ಕಟ್ಟಿಸಿಕೊಟ್ಟ ಅರಮನೆ ಈಗಲೂ ಇದೆ. 1916ರಲ್ಲಿ ಅವನು ಇಲ್ಲೇ ತೀರಿಕೊಂಡ. ಮೇಲಿನ ಮಹಡಿಯಿಂದ ಖಾಡಿ ಕಾಣುತ್ತದೆ. ತನ್ನ ಊರಿನ ದಾರಿ ಕಾಯುತ್ತ ಒಬ್ಬ ಮನುಷ್ಯ ಇಲ್ಲಿ ಅಷ್ಟು ವರ್ಷ ಕಳೆದನಲ್ಲ ಅಂತ ಮನಸ್ಸು ಭಾರವಾಯಿತು.

ರತ್ನಾಗಿರಿಯ ದಕ್ಷಿಣಕ್ಕೆ ಕೆಲಸ ಸಲೀಸು. ಪೂರ್ಣಗಡ, ಜೈತಾಪುರ ಎಲ್ಲ ಕಡೆ ಸೇತುವೆ ಇದೆ. ವಿಜಯದುರ್ಗ, ದೇವಗಡ, ಕುಣಕೇಶ್ವರ, ಆಚರಾ ದಾಟಿ ಮಾಲವಣ. ಸಿಂಧುದುರ್ಗ ಕೋಟೆಗೆ ನಮ್ಮವರೂ ಮಗನೂ ಹೋಗಿಬಂದರು. ನಾನು ಮತ್ತು ಅತ್ತೆ ದಡದಲ್ಲಿ ಕುಳಿತು ಘಾವನ ತಿಂದೆವು. ಆಮೇಲೆ ವೆಂಗುರ್ಲಾ, 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಶಿರೋಡಾ, ರೆಡ್ಡಿ.

ಕೊನೆಯ ಅಡ್ಡಿ ತೇರೆಖೋಲ್ ನದಿ. ಅದರ ಈಚೆ ದಡದಲ್ಲೇ ಇದ್ದರೂ ತೇರೆಖೋಲ್ ಕೋಟೆ ಗೋವಾಕ್ಕೆ ಸೇರಿದ್ದು. ಅಲ್ಲಿಂದ ಆಚೆ ದಡದ ಕೇರಿ ಅನ್ನುವ ಊರಿಗೆ ಗೋವಾ ಸರ್ಕಾರದ ಫೆರಿ. ಇಳಿಯುವ ರಸ್ತೆ ತುಂಬಾ ಕಿರಿದು. ನಾವು ಹೋದಾಗ ಫೆರಿ ಆಚೆ ದಡದಲ್ಲಿ ನಿಂತಿತ್ತು. ಯಾವಾಗ ಬರುತ್ತದೆ ಅಂತ ಹೇಳುವವರೇ ಇರಲಿಲ್ಲ. ಕಾದು ಕಾದು ಕೊನೆಗೂ ಬಂತು. ಬರದಿದ್ದರೆ ಆರೋಂದಾ–ಕಿರಣಪಾಣಿ ಸೇತುವೆಯ ಮೇಲೆ ಹೋಗಬಹುದು ಅಂತ ಗೊತ್ತಿದ್ದರಿಂದ ಗಾಬರಿಯಾಗಲಿಲ್ಲ. ಕೇರಿಯ ದಡ ಮುಟ್ಟಿದಾಗ ಅತ್ತೆ ಮಗನ ಬೆನ್ನು ತಟ್ಟಿ, ಎಷ್ಟು ಹೊಳೆ ದಾಟಿದೆವು ಲೆಕ್ಕ ಇಟ್ಟಿದ್ದೀಯಾ ಅಂತ ಕೇಳಿದರು. ಅವನು ಕ್ರಮವಾಗಿ ನದಿಗಳ ಹೆಸರು ಹೇಳಿದ.

ವಾಪಸ್ ಬರಲು ಎನ್‌ಎಚ್‌-66 ಹಿಡಿಯಬಹುದು, ಇಲ್ಲವೇ ಸಾವಂತವಾಡಿಯಿಂದ ಆಂಬೋಲಿ ಘಾಟಿ ಹತ್ತಿ ಕೊಲ್ಹಾಪುರ, ಪುಣೆ. ನಾವು ಘಾಟಿ ಹತ್ತಿ, ಕೊಲ್ಹಾಪುರದಲ್ಲಿ ಒಂದು ರಾತ್ರಿ ಉಳಿದು ಬಂದೆವು. ಗಡಿಯಲ್ಲಿ ಡಿಕ್ಕಿ ತೆಗೆಸಿ ನೋಡಿದರು. ಪರ್ಮಿಟ್ ಇಲ್ಲದೆ ಗೋವಾದ ಮದ್ಯ ಮಹಾರಾಷ್ಟ್ರಕ್ಕೆ ತರುವಂತಿಲ್ಲ. ಖರ್ಚು ನಾಲ್ವರಿಗೆ ಪೆಟ್ರೋಲ್, ದೋಣಿ, ಟೋಲ್, ಊಟ, ವಸತಿ ಎಲ್ಲ ಸೇರಿ 40 ಸಾವಿರದ ಆಸುಪಾಸು ಬಂತು. ಇದರಲ್ಲಿ ಅರ್ಧದ ಹತ್ತಿರ ಉಳಿದುಕೊಳ್ಳುವುದಕ್ಕೇ ಹೋಯಿತು. ಮಾಂಡವಾ ಹಡಗಿನ ಬದಲು ರಸ್ತೆಯಲ್ಲಿ ಹೋಗಿ, ಎಲ್ಲ ಕಡೆ ಊರವರ ಮನೆಯಲ್ಲೇ ಉಳಿದರೆ ಇನ್ನೂ ಕಡಿಮೆಯಲ್ಲಿ ಮುಗಿಯುತ್ತದೆ.